ಸಾಲು ತಪ್ಪಿಸುವ ಚೀಟಿ: ಕೊಳ್ಳಬೇಕೆ, ಬೇಡವೆ?

ಮಕ್ಕಳಿಗೆ ರಜೆ ಬಂದಿತೆಂದರೆ ಮನೆಯ ಯಜಮಾನನ ಜೇಬಿಗೆ ಬಿಡುವಿಲ್ಲ. ಬೆಂಗಳೂರಿನ ಸಂಸಾರಗಳು ಬಿಡದಿಯ ವಂಡರ್‌ಲಾಕ್ಕೆ ಹೊರಡುತ್ತವೆ. ಮಗ-ಸೊಸೆ ಅಮೆರಿಕದಲ್ಲಿರುವ ಹಿರಿಯರು ಅಲ್ಲಿನ ಡಿಸ್ನಿ ಉದ್ಯಾನಗಳಿಗೆ ಹೋಗಿಬರುತ್ತಾರೆ. ಊರು ಬೇರೆಯಾದರೂ ಎದುರಾಗುವ ಪ್ರಶ್ನೆ ಒಂದೇ. ಪ್ರವೇಶದ ಟಿಕೇಟಿಗೆ ಒಂದು ದರ. ಅದರ ಮೇಲೆ ಇನ್ನಷ್ಟು ತೆತ್ತರೆ ಸರದಿಯ ಸಾಲನ್ನು ತಪ್ಪಿಸಿ ಮುಂದೆ ಹೋಗುವ ಅನುಕೂಲ. ಬಿಡದಿಯಲ್ಲಿ ಇದಕ್ಕೆ ‘ಫಾಸ್ಟ್‌ಟ್ರ್ಯಾಕ್’ ಎಂದು ಹೆಸರು.

ಕೊಳ್ಳದಿದ್ದರೆ ಬಿಸಿಲಿನಲ್ಲಿ ನಿಂತು ಮಕ್ಕಳ ಮುಖ ಬಾಡುತ್ತದೆ. ಕೊಂಡರೆ ತಿಂಗಳ ಕೊನೆಯಲ್ಲಿ ಗೃಹಿಣಿಯ ಮುಖ ಬಾಡುತ್ತದೆ. ಹಾಗಾದರೆ ಯಾವುದು ಮೇಲು?

ಕೊಳ್ಳುವುದು ಏನನ್ನು?

ಈ ಚೀಟಿಯನ್ನು ಕೊಂಡವರು ಕಾಲವನ್ನೇ ಕೊಂಡೆವೆಂದು ಭಾವಿಸುತ್ತಾರೆ. ಆದರೆ ಚೀಟಿಯಿಂದ ಕಾಲ ಹುಟ್ಟುವುದಿಲ್ಲ, ಆಟದ ಆಸನಗಳೂ ಹೆಚ್ಚುವುದಿಲ್ಲ. ಒಂದು ರೋಲರ್ ಕೋಸ್ಟರ್ ಗಂಟೆಗೆ 1,000 ಜನರನ್ನು ಕೂರಿಸಿಕೊಳ್ಳಬಲ್ಲದೆಂದು ಇಟ್ಟುಕೊಳ್ಳೋಣ. ಸಾಲಿನಲ್ಲಿ 500 ಜನರಿದ್ದರೆ ಕೊನೆಯವನು ಅರ್ಧ ಗಂಟೆ ಕಾಯಬೇಕು. ಆಸನಗಳಲ್ಲಿ ಅರ್ಧವನ್ನು ಚೀಟಿಯವರಿಗೆ ಬಿಟ್ಟುಕೊಟ್ಟು, ಅವರೂ ಬರುತ್ತಲೇ ಇದ್ದರೆ, ಅದೇ 500 ಜನರ ಸಾಲು ಕರಗಲು ಒಂದು ಗಂಟೆ ಬೇಕು. ಮುಂದೆ ಹೋದವರು ಉಳಿಸಿದ ಕಾಲವನ್ನು ಹಿಂದೆ ನಿಂತವರು ತೆರುತ್ತಾರೆ.

ಸಾಲೇ ಇಲ್ಲದ ದಿನ ಈ ಚೀಟಿಗೆ ಬೆಲೆಯಿಲ್ಲ. ಎಲ್ಲರ ಕೈಯಲ್ಲೂ ಚೀಟಿಯಿದ್ದ ದಿನವೂ ಬೆಲೆಯಿಲ್ಲ; ಆಗ ಚೀಟಿಯವರದೇ ಇನ್ನೊಂದು ಉದ್ದನೆಯ ಸಾಲಾಗುತ್ತದೆ. ಜನಸಂದಣಿ ಇದ್ದು, ಕೊಂಡವರು ಕೆಲವರೇ ಆಗಿದ್ದಾಗ ಮಾತ್ರ ಇದರ ಪ್ರಯೋಜನ.

ಪುಕ್ಕಟೆಯಿಂದ ನೂರಾರು ಡಾಲರಿಗೆ

ಈ ವ್ಯಾಪಾರ ಬೆಳೆದುಬಂದ ಬಗೆ ಸ್ವಾರಸ್ಯವಾಗಿದೆ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಪ್ರವೇಶಕ್ಕೆ ಒಂದು ಟಿಕೇಟು, ಆಟಗಳಿಗೆ ಬೇರೆ ಟಿಕೇಟುಗಳು. ಕೆಲಕಾಲದಲ್ಲೇ ಎ, ಬಿ, ಸಿ ಎಂದು ದರ್ಜೆಗಳಿರುವ ಟಿಕೇಟು ಪುಸ್ತಕ ಬಂದಿತು. 1959ರಲ್ಲಿ ಅತ್ಯುತ್ತಮ ಆಟಗಳಿಗೆಂದು ‘ಇ’ ದರ್ಜೆ ಸೇರಿತು. 1982ರಲ್ಲಿ ಈ ಪುಸ್ತಕಗಳು ಹೋಗಿ, ಒಂದೇ ಟಿಕೇಟಿನಲ್ಲಿ ಎಲ್ಲ ಆಟಗಳೂ ಎಂಬ ಪದ್ಧತಿ ನಿಂತಿತು. ಅಲ್ಲಿಂದ ಮುಂದೆ ಒಳ್ಳೆಯ ಆಟಕ್ಕೆ ತೆರಬೇಕಾದ ಸುಂಕವೆಂದರೆ ಸಾಲಿನಲ್ಲಿ ನಿಲ್ಲುವುದೇ ಆಯಿತು.

1999ರಲ್ಲಿ ಡಿಸ್ನಿಯವರು ‘ಫಾಸ್ಟ್‌ಪಾಸ್’ ತಂದರು. ಯಂತ್ರದಿಂದ ಚೀಟಿ ಪಡೆದು, ಅದರಲ್ಲಿ ನಮೂದಿಸಿದ ಹೊತ್ತಿಗೆ ಹಿಂದಿರುಗಿದರೆ ಹೆಚ್ಚು ಕಾಯಬೇಕಿಲ್ಲ. ಅದಕ್ಕೆ ಬೇರೆ ಹಣವಿರಲಿಲ್ಲ. 2021ರಲ್ಲಿ ಅದರ ಜಾಗಕ್ಕೆ ಹಣ ತೆರುವ ‘ಜೀನೀ ಪ್ಲಸ್’ ಬಂದಿತು. ಫ್ಲಾರಿಡಾದಲ್ಲಿ ಅದರ ಆರಂಭದ ದರ ದಿನಕ್ಕೆ ತಲೆಗೆ 15 ಡಾಲರ್. 2024ರಲ್ಲಿ ಹೆಸರು ಬದಲಾಯಿತು. ಅದೇ ವರ್ಷ, ಗೊತ್ತುಮಾಡಿದ ಹೊತ್ತಿನ ಕಟ್ಟುಪಾಡಿಲ್ಲದ ‘ಪ್ರೀಮಿಯರ್ ಪಾಸ್’ ಕೂಡ ಬಂದಿತು. ಅದರ ದರ ತಲೆಗೆ ನೂರಾರು ಡಾಲರ್. ದಿನದಿಂದ ದಿನಕ್ಕೆ ಬೇರೆ. ಪುಕ್ಕಟೆಯಾಗಿ ಸಿಗುತ್ತಿದ್ದ ಸೌಕರ್ಯ ಇಪ್ಪತ್ತೈದು ವರ್ಷಗಳಲ್ಲಿ ಇಲ್ಲಿಗೆ ಮುಟ್ಟಿತು.

ಮನೆಯ ಲೆಕ್ಕ

ಕೊಳ್ಳುವ ಮೊದಲು ಪಂಚಾಂಗ ನೋಡುವುದು ಲೇಸು. ಶಾಲೆಗಳು ನಡೆಯುತ್ತಿರುವ ತಿಂಗಳಿನ ಮಂಗಳವಾರಕ್ಕೂ ದಸರಾ ರಜೆಯ ಭಾನುವಾರಕ್ಕೂ ಅಜಗಜಾಂತರ. ಒಂದು ದಿನ ರಜೆ ಹಾಕಿ ವಾರದ ನಡುವೆ ಹೋಗಬಲ್ಲವರಿಗೆ ಅದಕ್ಕಿಂತ ಅಗ್ಗವಾದ ಚೀಟಿ ಬೇರೆ ಇಲ್ಲ. ಬಾಗಿಲು ತೆರೆಯುವ ಹೊತ್ತಿಗೇ ಹಾಜರಾಗಿ, ಎಲ್ಲರೂ ಮುಗಿಬೀಳುವ ಆಟವನ್ನು ಮೊದಲು ಮುಗಿಸಿಕೊಳ್ಳುವುದೂ ಒಂದು ಜಾಣತನ.

ಎರಡನೆಯದಾಗಿ, ಯಾರಿಗೆ ಬೇಕು? ವೇಗದ ಆಟಗಳಿಗೆ ಎತ್ತರದ ಮಿತಿಯಿರುತ್ತದೆ. ಚಿಕ್ಕ ಮಗುವನ್ನು ಹತ್ತಿಸುವುದಿಲ್ಲ. ಅಜ್ಜಿ ತಾನಾಗಿಯೇ ಹತ್ತುವುದಿಲ್ಲ. ಇವರಿಬ್ಬರಿಗೂ ಚೀಟಿ ಕೊಂಡರೆ ಹಣ ನೀರಿಗೆ ಹಾಕಿದಂತೆ. ಚೀಟಿ ಯಾವ ಆಟಗಳಿಗೆ, ಎಷ್ಟು ಬಾರಿಗೆ ಸಲ್ಲುತ್ತದೆಂಬುದನ್ನು ಮೊದಲೇ ಓದಿಕೊಳ್ಳಬೇಕು.

ಮೂರನೆಯದು ಭಾಗಾಕಾರ. ಚೀಟಿಗೆಂದು ತಲೆಗೆ 1,200 ರೂಪಾಯಿ ಹೆಚ್ಚು ಬೀಳುತ್ತದೆಂದು ಊಹಿಸಿ, ನಾಲ್ವರಿಗೆ 4,800. ಜನ ಕಿಕ್ಕಿರಿದ ದಿನ ಅದು ಮೂರು ಗಂಟೆ ಉಳಿಸಿದರೆ ಗಂಟೆಗೆ 1,600 ರೂಪಾಯಿ ಕೊಟ್ಟಂತಾಯಿತು. ಬಿಡುವಿನ ದಿನ ಉಳಿಯುವುದು ಅರ್ಧ ಗಂಟೆಯಾದರೆ ಆ ಅರ್ಧ ಗಂಟೆಗೇ 4,800! ಬೆಂಗಳೂರಿನವರು ಬಿಡದಿಗೆ ಇನ್ನೊಮ್ಮೆ ಹೋಗಬಹುದು. ಲಕ್ಷಾಂತರ ಖರ್ಚುಮಾಡಿ ಸಮುದ್ರ ದಾಟಿ, ಒಂದೇ ದಿನಕ್ಕೆಂದು ಫ್ಲಾರಿಡಾಕ್ಕೆ ಹೋದವರಿಗೆ ಆ ಸೌಲಭ್ಯವಿಲ್ಲ. ಅಂಥವರು ಕೊಂಡರೆ ದುಂದುವೆಚ್ಚವೆನ್ನಲಾಗದು.

ಮಕ್ಕಳ ಪ್ರಶ್ನೆ

ಹಣದ ಲೆಕ್ಕ ಮುಗಿದರೂ ಇನ್ನೊಂದು ಲೆಕ್ಕ ಉಳಿಯುತ್ತದೆ. “ನಾವು ಮೊದಲೇ ಬಂದಿದ್ದೆವಲ್ಲಪ್ಪ, ಅವರೇಕೆ ಮುಂದೆ ಹೋದರು?” ಎಂದು ಮಗು ಕೇಳಿದರೆ ಏನು ಹೇಳಬೇಕು? ತಿರುಮಲೆಯಲ್ಲೂ ವಿಶೇಷ ಪ್ರವೇಶ ದರ್ಶನಕ್ಕೆ 300 ರೂಪಾಯಿಯ ಟಿಕೇಟಿರುವಾಗ ಈ ಪ್ರಶ್ನೆ ನಮಗೆ ಹೊಸದಲ್ಲ. ಆಟದಲ್ಲಿ ಹಿಂದೆ ಉಳಿದವನಿಗೆ ಅನ್ನವೋ ಔಷಧವೋ ತಪ್ಪಿಹೋಗುವುದಿಲ್ಲ. ಆದ್ದರಿಂದ ಚೀಟಿ ಕೊಳ್ಳುವುದು ಪಾಪವೇನಲ್ಲ. ಆದರೆ “ಅವರು ಹೆಚ್ಚು ಹಣ ಕೊಟ್ಟಿದ್ದಾರೆ, ಮಗು, ನಾವು ಆ ಹಣವನ್ನು ಬೇರೊಂದಕ್ಕೆ ಇಟ್ಟಿದ್ದೇವೆ” ಎಂದು ನೇರವಾಗಿ ಹೇಳುವುದು ಒಳ್ಳೆಯದು. ಮುಂದೆ ಹೋದವರು ನಮಗಿಂತ ದೊಡ್ಡವರು ಎಂಬ ಭಾವನೆ ಮಾತ್ರ ಮಗುವಿನ ಮನಸ್ಸಿನಲ್ಲಿ ಬೇರೂರಬಾರದು.

ಕಾಯುವುದರಲ್ಲೂ ಬಗೆಗಳುಂಟು. ಸುಮ್ಮನೆ ನಿಂತ ಹೊತ್ತು ಏನನ್ನಾದರೂ ಮಾಡುತ್ತ ಕಳೆದ ಹೊತ್ತಿಗಿಂತ ಉದ್ದವಾಗಿ ತೋರುತ್ತದೆಂದು ಡೇವಿಡ್ ಮೈಸ್ಟರ್ ಎಂಬ ವಿದ್ವಾಂಸರು 1985ರಲ್ಲಿ ಬರೆದರು. ಒಗಟು, ಅಂತ್ಯಾಕ್ಷರಿ, ಅಜ್ಜಿಯ ಒಂದು ಕಥೆ ಇವಿಷ್ಟಿದ್ದರೆ ಅರ್ಧ ಗಂಟೆ ಭಾರವಾಗದು.

ಆದುದರಿಂದ, ಸಂದಣಿಯ ದಿನವೇ ಹೋಗಬೇಕಾಗಿದ್ದು, ಮತ್ತೆ ಬರುವ ಸಂಭವವೂ ಇಲ್ಲವಾದರೆ ಕೊಳ್ಳಿರಿ, ಆಟವಾಡುವವರಿಗಷ್ಟೇ ಕೊಳ್ಳಿರಿ. ಉಳಿದವರು ಆ ಹಣವನ್ನು ಡಬ್ಬಿಯಲ್ಲಿಟ್ಟು, ಮುಂದಿನ ಸಲ ಸಂದಣಿಯಿಲ್ಲದ ಒಂದು ದಿನ ಮಕ್ಕಳನ್ನು ಮತ್ತೊಮ್ಮೆ ಕರೆದುಕೊಂಡು ಹೋಗಲಿ.