ಸುಣ್ಣಕಲ್ಲಿನೊಳಗೆ ಸಾವಿತ್ರಿಯ ಸಂಸಾರ

ತಿರುಚಿರಾಪಳ್ಳಿ ಸೀಮೆಯ ಹೊಲಗಳಲ್ಲಿ ನೇಗಿಲಿಗೆ ಸಿಕ್ಕುತ್ತಿದ್ದ ಕಲ್ಲುಚಿಪ್ಪುಗಳ ಸುದ್ದಿ 1840ರ ದಶಕದಲ್ಲೇ ಕಡಲು ದಾಟಿತ್ತು. ಮದರಾಸಿನಲ್ಲಿ ಅಧಿಕಾರಿಯಾಗಿದ್ದ ಸಿ. ಟಿ. ಕೇ ಮತ್ತು ಅವನ ಜತೆಗಾರ ಕನ್‌ಲಿಫ್ ಪಾಂಡಿಚೇರಿ, ವೃದ್ಧಾಚಲ, ತಿರುಚಿರಾಪಳ್ಳಿಗಳ ಸುತ್ತ ಆಯ್ದ ಪಳೆಯುಳಿಕೆಗಳನ್ನು ಲಂಡನ್ನಿಗೆ ಕಳಿಸಿದರು. 1846ರಲ್ಲಿ ಎಡ್ವರ್ಡ್ ಫೋರ್ಬ್ಸ್ ಅವುಗಳ ವಿವರಣೆ ಅಚ್ಚು ಹಾಕಿಸಿದ. ಈಗ ಎಮ್ಮೆ ಮೇಯುವ ಬಯಲಿನಲ್ಲಿ ಹಿಂದೊಮ್ಮೆ ಕಡಲಿತ್ತು ಎಂಬುದು ಅಲ್ಲಿಗೆ ಖಚಿತವಾಯಿತು.

ಆ ಕಡಲನ್ನು ಅಳೆಯಲು ಹೊರಟವನು ಹೆನ್ರಿ ಬ್ಲಾನ್‌ಫರ್ಡ್. ಮುಂದೆ ಭಾರತದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥನಾದವನೂ ಅವನೇ. ಬಿಸಿಲಲ್ಲಿ ಅಲೆದು, ಪದರ ಪದರವಾಗಿ ಬಂಡೆ ಓದಿ, ಇಡೀ ಸೀಮೆಯನ್ನು ಉಟ್ಟತ್ತೂರು, ತಿರುಚಿರಾಪಳ್ಳಿ, ಅರಿಯಲೂರು ಎಂದು ಮೂರು ಪಾಲು ಮಾಡಿ 1862ರಲ್ಲಿ ವರದಿ ಕೊಟ್ಟ. ಉಟ್ಟತ್ತೂರಿನ ಬುಡದಲ್ಲಿ ಅಲ್ಲಲ್ಲಿ ಎದ್ದು ನಿಂತಿದ್ದ ಬಿಳಿ ಸುಣ್ಣಕಲ್ಲಿನ ದಿಬ್ಬಗಳಿಗೆ ಅವನು ಹವಳದಿಬ್ಬದ ಕಲ್ಲು ಎಂದು ಹೆಸರಿಟ್ಟ. ಕಲ್ಲಲ್ಲಿ ಹವಳವಿತ್ತು, ಸುಣ್ಣವಿತ್ತು, ದಿಬ್ಬವೂ ಇತ್ತು. ಅನುಮಾನಕ್ಕೆ ಆಸ್ಪದವೇ ಇರಲಿಲ್ಲ.

ಬಳಿಕ ಬಂದ ಫರ್ಡಿನಾಂಡ್ ಸ್ಟೊಲಿಚ್ಕಾ ಚಿಪ್ಪು, ಶಂಖ, ಬ್ರಯೋಜೋವಾ ಎಂಬ ಪುಟ್ಟ ಕಡಲಜೀವಿಗಳು, ಹವಳ ಯಾವುದನ್ನೂ ಬಿಡದೆ ಚಿತ್ರಸಹಿತ ದಾಖಲಿಸಿದ. ಆ ಮಹಾಸಂಪುಟಗಳ ಕೊನೆಯ ಭಾಗ ಹೊರಬಿದ್ದದ್ದು 1873ರಲ್ಲಿ. ಮರುವರ್ಷವೇ ಯಾರ್ಕಂದ್ ಯಾತ್ರೆಯಿಂದ ಮರಳುವಾಗ ಲಡಾಖಿನ ಎತ್ತರದಲ್ಲಿ ಆತ ತೀರಿಕೊಂಡ. ಹೇಳಬೇಕಾದ್ದನ್ನೆಲ್ಲ ಅವನೇ ಹೇಳಿ ಮುಗಿಸಿದ್ದಾನೆ ಎಂಬ ಭಾವನೆ ಉಳಿಯಿತು. ಆದರೆ ಇಷ್ಟು ಜನ ಆರಿಸಿದ್ದು ಕಣ್ಣಿಗೆ ಚೆಂದ ಕಂಡ, ಸುತ್ತಿಗೆ ಏಟಿಗೆ ಇಡಿಯಾಗಿ ಬಿಡಿಸಿಕೊಂಡು ಬಂದ ಮಾಲನ್ನು. ಅವುಗಳನ್ನು ಹಿಡಿದಿಟ್ಟುಕೊಂಡಿದ್ದ ಸಪ್ಪೆ ಸುಣ್ಣಕಲ್ಲು ಹೊಲದಲ್ಲೇ ಬಿದ್ದಿತ್ತು.

ಆ ಸಪ್ಪೆ ಕಲ್ಲಿಗೆ ಬೆಲೆ ಬಂದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಅಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಎಲ್. ರಾಮರಾಯರು ಪಳೆಯುಳಿಕೆಗಳ ಬೆನ್ನು ಹತ್ತಿದ್ದರು. ಮೈಸೂರು ಸಂಸ್ಥಾನದ ಹಳೆಯ ಬಂಡೆಗಳಲ್ಲಿ ಚಿಪ್ಪು, ಶಂಖಗಳ ಸುಳಿವಿಲ್ಲ. ಹಾಗಾಗಿ ಪಳೆಯುಳಿಕೆ ಬೇಕೆಂದವರು ತಮಿಳು ಸೀಮೆಗೆ ಇಳಿಯಲೇಬೇಕಿತ್ತು. ಅಷ್ಟರಲ್ಲಿ ಹೊರಗಿನ ಗಾಳಿಯೂ ಬದಲಾಗಿತ್ತು. ಪೆಸಿಫಿಕ್ ಸಾಗರದ ಫುನಾಫುಟಿ ಎಂಬ ಹವಳದ್ವೀಪದಲ್ಲಿ ಸಾವಿರ ಅಡಿಗೂ ಆಳಕ್ಕೆ ಕೊರೆದು ತೆಗೆದ ಕಲ್ಲಿನಲ್ಲಿ ಹವಳದಷ್ಟೇ ಧಾರಾಳವಾಗಿ ಸುಣ್ಣ ಕಟ್ಟುವ ಪಾಚಿಗಳು ಕಂಡಿದ್ದವು. 1904ರಲ್ಲಿ ಹೊರಬಂದ ಅದರ ವರದಿಯನ್ನು ಓದಿದವರಿಗೆ, ದಿಬ್ಬ ಎಂದೊಡನೆ ಹವಳವೇ ಎನ್ನುವುದು ಸುಲಭವಾಗಿ ಉಳಿಯಲಿಲ್ಲ.

ಪಾಚಿಯನ್ನು ಕಲ್ಲಿನಲ್ಲಿ ಕಾಣುವ ದಾರಿ ಒಂದೇ, ಕಲ್ಲನ್ನು ಗಾಜಾಗಿಸುವುದು. ಸುಣ್ಣಕಲ್ಲಿನ ಚೂರೊಂದರ ಒಂದು ಮೈಯನ್ನು ಕಾರ್ಬೊರಂಡಂ ಪುಡಿಯಲ್ಲಿ ತೇಯ್ದು ಸಮ ಮಾಡಬೇಕು. ಕಾಸಿದ ಕೆನಡಾ ಬಾಲ್ಸಂನಿಂದ ಅದನ್ನು ಗಾಜಿನ ಪಟ್ಟಿಗೆ ಅಂಟಿಸಬೇಕು. ಇನ್ನೊಂದು ಮೈಯನ್ನು ಮತ್ತೆ ತೇಯಬೇಕು, ಬೆಳಕು ಆರಪಾರ ಹಾಯುವ ತನಕ, ಅಂದರೆ ಮಿಲಿಮೀಟರಿನ ನೂರರಲ್ಲಿ ಮೂರು ಪಾಲು ಉಳಿಯುವ ತನಕ. ಒಂದು ಗುಳ್ಳೆ ಉಳಿದರೆ ಚಿತ್ರ ಕೆಟ್ಟಿತು. ಬೆರಳು ತುಸು ಭಾರವಾದರೆ ಕಲ್ಲೇ ಹಾರಿಹೋಯಿತು.

ಇಷ್ಟಾದರೂ ಸೂಕ್ಷ್ಮದರ್ಶಕದಡಿ ಕಾಣುವುದು ಒಗಟೇ. ನುಗ್ಗೆಕಾಯಿಯನ್ನು ಕಾಣದವನ ಮುಂದೆ ಅದನ್ನು ಕಂಡಕಂಡ ಕಡೆ ಕೊಯ್ದ ತುಂಡುಗಳನ್ನಷ್ಟೇ ಇಟ್ಟರೆ ಅವನು ಇಡೀ ಕಾಯಿಯ ಆಕಾರವನ್ನು ಹೇಗೆ ಊಹಿಸಬೇಕೋ, ಇದೂ ಹಾಗೆಯೇ. ಅಡ್ಡ ಕೊಯ್ದಲ್ಲಿ ಉಂಗುರ, ಉದ್ದ ಕೊಯ್ದಲ್ಲಿ ಪಟ್ಟಿ, ಓರೆ ಕೊಯ್ದಲ್ಲಿ ಮೊಟ್ಟೆ. ಎಲ್ಲಿ ಕೊಯ್ಯಬೇಕು ಎನ್ನುವ ಆಯ್ಕೆ ತೇಯುವವನ ಕೈಯಲ್ಲಿರಲಿಲ್ಲ. ಕಲ್ಲಿನೊಳಗೆ ಯಾವುದು ಹೇಗೆ ಮಲಗಿದೆಯೋ ಹಾಗೆ. ಚೂರು ಮೇಲೆ ಚೂರು ತೇಯ್ದು, ಉಂಗುರಕ್ಕೆ ಪಟ್ಟಿಯನ್ನು, ಪಟ್ಟಿಗೆ ತೂತುಗಳ ಸಾಲನ್ನು ಹೊಂದಿಸುತ್ತ ಹೋದಾಗ ಮಾತ್ರ ಒಂದು ಜೀವಿಯ ರೂಪ ಕೂಡಿಬರುತ್ತಿತ್ತು.

ಮೊದಲ ಗೆಲುವು 1931ರಲ್ಲಿ. ದಕ್ಷಿಣ ಭಾರತದ ಕ್ರಿಟೇಷಿಯಸ್ ಎಂಬ ಭೂಯುಗದ ಕಲ್ಲಿನಲ್ಲಿ ಲಿಥೋಥ್ಯಾಮ್ನಿಯಂ ಎಂಬ ಕೆಂಪುಪಾಚಿ ಇದೆಯೆಂದು ರಾಮರಾಯರು ‘ನೇಚರ್’ ಪತ್ರಿಕೆಗೆ ಬರೆದರು. ಹಿಂದೆ ಈ ಜಾತಿಯ ಕಲ್ಲುಗಂಟುಗಳನ್ನೂ ಜನ ಹವಳವೆಂದೇ ನಂಬಿದ್ದರು. ಅವು ಸಸ್ಯಗಳೆಂದು ಫಿಲಿಪ್ಪಿ ಎಂಬ ನಿಸರ್ಗವಿಜ್ಞಾನಿ ತೋರಿಸಿದ್ದು 1837ರಲ್ಲಿ. ರಾಮರಾಯರು ಸಿ. ಪ್ರಸನ್ನಕುಮಾರ್ ಅವರ ಜತೆ ಹುಡುಕಾಟ ಮುಂದುವರಿಸಿದರು. ಬ್ಲಾನ್‌ಫರ್ಡನ ಹವಳದಿಬ್ಬದ ಕಲ್ಲಿನಲ್ಲೂ ಪಾಚಿ ಸಿಕ್ಕಿತು.

ದೊಡ್ಡ ನಿಧಿ ಇದ್ದದ್ದು ಅರಿಯಲೂರು ಕಡೆಯ ನಿಣಿಯೂರು ಎಂಬ ಹಳ್ಳಿಯ ಸುಣ್ಣಕಲ್ಲಿನಲ್ಲಿ, ಆ ಕಡಲಿನ ಕಟ್ಟಕಡೆಯ ಪದರಗಳಲ್ಲಿ. ಅಲ್ಲಿ ಕಂಡ ಹಸಿರುಪಾಚಿಗಳ ತೂತುಗೊಳವೆಗಳು ಯಾವ ಭಾರತೀಯ ಪುಸ್ತಕದಲ್ಲೂ ಇರಲಿಲ್ಲ. ಅವನ್ನು ಗುರುತಿಸಬಲ್ಲವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಅವರಲ್ಲಿ ಮೊದಲಿಗ ವಿಯೆನ್ನಾದ ಜೂಲಿಯಸ್ ಪಿಯಾ. ಇಂಥ ಹಸಿರುಪಾಚಿಗಳ ಮೇಲೆ 1920ರಲ್ಲೇ ಆತ ದೊಡ್ಡ ಗ್ರಂಥ ಬರೆದಿದ್ದ. ಬೆಂಗಳೂರು ವಿಯೆನ್ನಾದ ಕೈ ಹಿಡಿಯಿತು.

1936ರಲ್ಲಿ ಇಬ್ಬರ ಹೆಸರಲ್ಲೂ ಪ್ರಬಂಧ ಹೊರಬಂತು. ಹೊಸ ಪ್ರಭೇದಗಳ ಪಟ್ಟಿ ಓದಿದ ಭಾರತೀಯರು ಹುಬ್ಬೇರಿಸಿರಬೇಕು. ಡಿಸ್ಸೊಕ್ಲಾಡೆಲ್ಲಾ ಸಾವಿತ್ರಿಯೆ, ಇಂಡೊಪೋಲಿಯಾ ಸತ್ಯವಂತಿ, ಅಸಿಕ್ಯುಲೇರಿಯಾ ದ್ಯುಮತ್ಸೇನೆ, ಓರಿಯೊಪೊರೆಲ್ಲಾ ಮಾಲವಿಯೆ, ಪ್ಯಾರಾಕೀಟೀಟಿಸ್ ಅಶ್ವಪತಿ. ಸಾವಿತ್ರಿ, ಅವಳ ಗಂಡ, ಮಾವ, ತಾಯಿ, ತಂದೆ! ಮಹಾಭಾರತದ ವನಪರ್ವದ ಒಂದಿಡೀ ಸಂಸಾರವನ್ನು ಪಿಯಾ ನಿಣಿಯೂರಿನ ಸುಣ್ಣಕಲ್ಲಿನಲ್ಲಿ ನೆಲೆಗೊಳಿಸಿದ್ದ.

ಆ ಪಾಚಿಗಳು ಬದುಕಿದ್ದ ಬಗೆ ಹೀಗೆ. ಸಾವಿತ್ರಿಯ ಹೆಸರಿನದು ಒಂದೇ ಜೀವಕೋಶದ ಗಿಡ. ನಡುವೆ ಕಾಂಡ, ಸುತ್ತ ಸುತ್ತುಸುತ್ತಾಗಿ ಎಳೆಗಳು, ಮೈಮೇಲೆ ಸುಣ್ಣದ ಕವಚ. ಗಿಡ ಕೊಳೆತ ಮೇಲೆ ಎಳೆಗಳಿದ್ದಲ್ಲಿ ತೂತುಗಳು ಉಳಿದವು. ಅಶ್ವಪತಿಯದು ಕೆಂಪುಪಾಚಿ. ಅದರ ಕೋಶಗಳ ಗೋಡೆಯೇ ಸುಣ್ಣವಾದ್ದರಿಂದ ಜಾಲರಿ ಇಡಿಯಾಗಿ ಕಲ್ಲಾಯಿತು. ಬಿಸಿಲು ತಾಕುವ ಆಳವಿಲ್ಲದ ಬೆಚ್ಚನೆಯ ನೀರಲ್ಲಿ ಹವಳ, ಬ್ರಯೋಜೋವಾಗಳ ಜತೆ ಸೇರಿ ಇಂಥವೇ ದಿಬ್ಬಗಳನ್ನು ಬೆಸೆದವು. 1936ರ ಪ್ರಬಂಧ ನಿಣಿಯೂರನ್ನು ಕ್ರಿಟೇಷಿಯಸ್‌ನ ತುತ್ತತುದಿ ಎಂದಿತ್ತು. ಆ ಯುಗ ಮುಗಿಯುವ ಗಡಿ ಎಲ್ಲಿ ಎಂಬ ಪ್ರಶ್ನೆಯನ್ನು ರಾಮರಾಯರು ದಶಕಗಳ ಕಾಲ ಬಿಡದೆ ಕೆದಕಿದರು. ಅದರ ನಡುವೆಯೇ 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸಂಘಕ್ಕೂ ಹೆಗಲು ಕೊಟ್ಟರು. ಈಗ ಆ ಪದರಗಳು ಗಡಿಯ ಈಚೆ ಬಂದಿವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳನ್ನೂ ಅಮ್ಮೊನೈಟ್‌ಗಳನ್ನೂ ಅಳಿಸಿದ ಮಹಾವಿನಾಶದ ನಂತರದ ಕಡಲಿನವು ಅವು. ಅಶ್ವಪತಿಯ ಪಾಚಿ ಆ ಕಾಲದ ದಿಬ್ಬಗಳ ಗುರುತಾಗಿ ಹಲವು ದೇಶಗಳಲ್ಲಿ ಸಿಕ್ಕಿದೆ. ಪಿಯಾನ ತವರಾದ ಆಸ್ಟ್ರಿಯಾದ ಸುಣ್ಣಕಲ್ಲಿನಲ್ಲೂ ಅದಿದೆ, ನಿಣಿಯೂರಿನಲ್ಲಿ ಪಡೆದ ಹೆಸರಿನಲ್ಲೇ.