ಆಟ ಬೆರಳ ತುದಿಯಲ್ಲಿ, ನೋವು ಮಣಿಕಟ್ಟಿನಲ್ಲಿ

ಬೀಜ ಬಿತ್ತುವುದು, ಕಳೆ ಕೀಳುವುದು, ರೊಟ್ಟಿ ತಟ್ಟುವುದು, ಅಕ್ಷರ ಬರೆಯುವುದು, ಮಗುವಿನ ತಲೆ ನೇವರಿಸುವುದು, ಇವೆಲ್ಲವೂ ಕೈಯಿಂದಲೇ ಆಗುವ ಕಾಯಕಗಳು. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಒಂದೊಂದು ಕೈಯಲ್ಲಿ 27 ಮೂಳೆಗಳಿವೆ. ಅವುಗಳಲ್ಲಿ ಹೆಬ್ಬೆರಳಿನ ಪಾತ್ರವೇ ಹಿರಿದು. ಉಳಿದ ನಾಲ್ಕು ಬೆರಳುಗಳಿಗೆ ಎದುರಾಗಿ ನಿಂತು ಹಿಡಿತ ನೀಡುವುದು ಅದೊಂದೇ. ಹೆಬ್ಬೆರಳು ಸೋತರೆ ಕೈ ಅರ್ಧ ಸೋತಂತೆಯೇ ಸರಿ.

ಹಿಂದೆ ಹೆಬ್ಬೆರಳಿನ ಬುಡದ ನೋವೆಂದು ನಮ್ಮ ಬಳಿಗೆ ಬರುತ್ತಿದ್ದವರು ದಿನವೂ ಹತ್ತಾರು ರೊಟ್ಟಿ ತಟ್ಟುವ ತಾಯಂದಿರು, ಬಟ್ಟೆ ಹಿಂಡುವವರು, ಹಸುಗೂಸನ್ನು ಪದೇಪದೇ ಎತ್ತಿಕೊಳ್ಳುವ ಬಾಣಂತಿಯರು. ಈಗ ಅದೇ ನೋವನ್ನು ಹೊತ್ತು ಹನ್ನೆರಡರಿಂದ ಇಪ್ಪತ್ತೆರಡರ ವಯಸ್ಸಿನ ಹುಡುಗರು ಬರುತ್ತಿದ್ದಾರೆ. ಅವರು ಭಾರ ಎತ್ತಿದವರಲ್ಲ, ಬಿದ್ದು ಪೆಟ್ಟು ಮಾಡಿಕೊಂಡವರೂ ಅಲ್ಲ. ಅವರ ಕೈಯಲ್ಲಿದ್ದುದು ಸುಮಾರು 200 ಗ್ರಾಂ ತೂಕದ ಮೊಬೈಲು, ಅದರೊಳಗೊಂದು ಆಟ.

ಇದು ಹೊಸ ರೋಗವೇ?

ವಿಡಿಯೋ ಆಟದಿಂದ ಬರುವ ಕೈನೋವು ವೈದ್ಯಲೋಕಕ್ಕೆ ಹೊಸದಲ್ಲ. 1981ರಲ್ಲಿಯೇ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ‘ಸ್ಪೇಸ್ ಇನ್ವೇಡರ್ಸ್’ ಆಟದವರ ಮಣಿಕಟ್ಟು ನೋವಿನ ಬಗ್ಗೆ ಬರಹ ಬಂದಿತ್ತು. 1990ರಲ್ಲಿ ಅದೇ ಪತ್ರಿಕೆಯಲ್ಲಿ, ಐದು ಗಂಟೆ ಬಿಡದೆ ನಿಂಟೆಂಡೋ ಆಡಿ ಬಲಗೈ ಹೆಬ್ಬೆರಳಿನ ನೋವಿಗೆ ಒಳಗಾದ 35 ವರ್ಷದ ಮಹಿಳೆಯೊಬ್ಬರ ವೃತ್ತಾಂತ ಪ್ರಕಟವಾಯಿತು. ವೈದ್ಯರು ಆ ನೋವಿಗೆ ವಿನೋದವಾಗಿ ‘ನಿಂಟೆಂಡಿನೈಟಿಸ್’ ಎಂದು ಹೆಸರಿಟ್ಟರು.

2015ರಲ್ಲಿ ವರದಿಯಾದ ಇನ್ನೊಂದು ಪ್ರಸಂಗ ಹೆಚ್ಚು ವಿಚಾರಕ್ಕೆ ಹಚ್ಚುವಂಥದು. ಕ್ಯಾಲಿಫೋರ್ನಿಯಾದ 29 ವರ್ಷದ ಯುವಕನೊಬ್ಬ ಆರೆಂಟು ವಾರಗಳ ಕಾಲ ದಿನವಿಡೀ ಎಡಗೈಯಲ್ಲಿ ಮೊಬೈಲ್ ಹಿಡಿದು ಬಣ್ಣದ ಕಾಯಿಗಳನ್ನು ಜೋಡಿಸುವ ಆಟವಾಡಿದ್ದ. ಕೊನೆಗೆ ಅವನ ಹೆಬ್ಬೆರಳನ್ನು ಮೇಲೆತ್ತುವ ಸ್ನಾಯುರಜ್ಜುವೇ ಹರಿದುಹೋಗಿತ್ತು. ಆಡುವಾಗ ಅವನಿಗೆ ನೋವೇ ತಿಳಿದಿರಲಿಲ್ಲ. ಆಟದ ಸುಖವು ನೋವಿನ ಅರಿವನ್ನು ಮುಚ್ಚಿಬಿಡಬಲ್ಲದೆಂದು ಅವನನ್ನು ಪರೀಕ್ಷಿಸಿದ ವೈದ್ಯರು ಊಹಿಸಿದರು. ನೋವು ದೇಹವು ನಮಗೆ ಕೊಡುವ ಎಚ್ಚರಿಕೆ. ಆ ಎಚ್ಚರಿಕೆಯೇ ಕೇಳಿಸದಂತಾದರೆ ಕೈಯನ್ನು ಕಾಯುವವರು ಯಾರು?

ಒಳಗೆ ಆಗುವುದೇನು?

ಹೆಬ್ಬೆರಳನ್ನು ಆಚೆಗೆ ಚಾಚುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಇಕ್ಕಟ್ಟಾದ ಕೊಳವೆಯೊಳಗೆ ಹಾದುಹೋಗುತ್ತವೆ. ಹೆಬ್ಬೆರಳು ಪರದೆಯ ಮೇಲೆ ಅತ್ತಿತ್ತ ಓಡಿದಂತೆಲ್ಲ ಅವು ಆ ಕೊಳವೆಯಲ್ಲಿ ಹಿಂದೆಮುಂದೆ ಸರಿಯುತ್ತವೆ. ಬಿಡುವಿಲ್ಲದೆ ಸರಿದರೆ ಉಜ್ಜಾಟ ಹೆಚ್ಚಿ ಕೊಳವೆಯ ಗೋಡೆ ದಪ್ಪಗಾಗುತ್ತದೆ, ದಾರಿ ಇನ್ನಷ್ಟು ಕಿರಿದಾಗುತ್ತದೆ. ಆಗ ಹೆಬ್ಬೆರಳಿನ ಬುಡದಲ್ಲಿ ಚುಚ್ಚಿದಂಥ ನೋವು. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕ್ವೆರ್ವೇನ್ ಅವರ ಹೆಸರಿನಲ್ಲೇ ಇಂದಿಗೂ ಈ ರೋಗ ಪ್ರಸಿದ್ಧವಾಗಿದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಮೆಲ್ಲನೆ ಬಾಗಿಸಿದಾಗ ಬುಡದಲ್ಲಿ ಥಟ್ಟನೆ ನೋವು ಎದ್ದರೆ ಇದೇ ರೋಗವಿರಬಹುದು.

ಎರಡನೆಯದು ನರದ ಒತ್ತಡ. ಮಣಿಕಟ್ಟನ್ನು ಬಹುಹೊತ್ತು ಬಾಗಿಸಿಟ್ಟರೆ ಅದರ ನಡುವೆ ಹಾಯುವ ನರ ಒತ್ತಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯುತ್ತವೆ. ಹಾಸಿಗೆಯಲ್ಲಿ ಮಲಗಿ ಮೊಳಕೈಯನ್ನು ಪೂರ್ತಿ ಮಡಚಿ ಮೊಬೈಲು ನೋಡುವವರಲ್ಲಿ ಮೊಳಕೈ ಹಿಂದಿನ ನರ ಎಳೆದು ಕಿರುಬೆರಳು ಜುಮುಗುಟ್ಟುತ್ತದೆ.

ಮೂರನೆಯದು ಕುತ್ತಿಗೆ. ತಲೆಯನ್ನು 60 ಡಿಗ್ರಿಯಷ್ಟು ಬಗ್ಗಿಸಿದರೆ ಕುತ್ತಿಗೆಯ ಮೇಲೆ ಸುಮಾರು 27 ಕಿಲೋ ಭಾರ ಬೀಳುತ್ತದೆಂದು 2014ರ ಲೆಕ್ಕಾಚಾರವೊಂದು ತಿಳಿಸುತ್ತದೆ. ತೋಳಿನ ನರಗಳೆಲ್ಲ ಕುತ್ತಿಗೆಯಿಂದಲೇ ಹೊರಡುವುದರಿಂದ ಕೈ ನೋಯುತ್ತಿದ್ದರೂ ಬೇರು ಕುತ್ತಿಗೆಯಲ್ಲಿರುವುದುಂಟು. ಕೈಗೆ ಮಾತ್ರ ಎಣ್ಣೆ ತಿಕ್ಕಿ ಫಲ ಕಾಣದವರು ಇದನ್ನು ಗಮನಿಸಬೇಕು.

ಆಯುರ್ವೇದದ ನೋಟ

ತೋಳಿನ ಹಿಂಬದಿಯಿಂದ ಅಂಗೈ ಮತ್ತು ಬೆರಳುಗಳವರೆಗಿನ ಕಂಡರಗಳು ವಾತದಿಂದ ಕೆಟ್ಟು ಕೈಯ ಕೆಲಸವೇ ಕುಂದುವ ಸ್ಥಿತಿಯನ್ನು ಸುಶ್ರುತರು ‘ವಿಶ್ವಾಚಿ’ ಎಂದು ಕರೆದಿದ್ದಾರೆ. ಮಣಿಕಟ್ಟಿನಲ್ಲಿರುವ ‘ಮಣಿಬಂಧ’ ಮರ್ಮವನ್ನು ಅವರು ರುಜಾಕರ, ಅಂದರೆ ಪೆಟ್ಟಾದರೆ ಬಹಳ ನೋವು ಕೊಡುವ ಮರ್ಮಗಳ ಗುಂಪಿಗೆ ಸೇರಿಸಿದ್ದಾರೆ.

ಕಾರಣದ ವಿಷಯದಲ್ಲಿ ಚರಕಸಂಹಿತೆ ಇನ್ನೂ ಸ್ಪಷ್ಟವಾಗಿದೆ. ಯಾವುದೇ ಕ್ರಿಯೆಯೂ ಅತಿಯೋಗ, ಹೀನಯೋಗ, ಮಿಥ್ಯಾಯೋಗ ಎಂಬ ಮೂರು ಬಗೆಯಲ್ಲಿ ರೋಗ ತರುತ್ತದೆ. ಗಂಟೆಗಟ್ಟಲೆ ಹೆಬ್ಬೆರಳಾಡಿಸುವುದು ಅತಿಯೋಗ. ಆ ಹೊತ್ತಿನಲ್ಲಿ ಭುಜ, ಬೆನ್ನು, ಕಾಲುಗಳು ಅಲುಗದಿರುವುದು ಹೀನಯೋಗ. ಅಂಗಗಳನ್ನು ವಿಷಮವಾಗಿ ಇರಿಸುವುದು, ಮಲಮೂತ್ರಾದಿ ವೇಗಗಳನ್ನು ತಡೆಯುವುದು ಮಿಥ್ಯಾಯೋಗ. ಆಟದ ನಡುವೆ ಏಳಲಾರದೆ ಮೂತ್ರ ತಡೆದು, ಹಸಿವು ತಡೆದು, ನಿದ್ರೆ ತಡೆದು ಕುಳಿತ ಹುಡುಗನಲ್ಲಿ ಈ ಮೂರೂ ಒಂದೆಡೆ ಸೇರಿವೆ. ರಾತ್ರಿ ಜಾಗರಣೆ ದೇಹದಲ್ಲಿ ರೂಕ್ಷತೆಯನ್ನು ಹೆಚ್ಚಿಸುತ್ತದೆ; ರೂಕ್ಷತೆ ಹೆಚ್ಚಿದಲ್ಲಿ ವಾತ ಕೆರಳುತ್ತದೆ. ಆದುದರಿಂದ ಈ ನೋವಿಗೆ ಎಣ್ಣೆ ಎಷ್ಟು ಮುಖ್ಯವೋ ನಿದ್ರೆಯೂ ಅಷ್ಟೇ ಮುಖ್ಯ.

ಅರ್ಧಶಕ್ತಿಯ ನಿಯಮ

ವ್ಯಾಯಾಮವನ್ನು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂದು ವಾಗ್ಭಟರು ಅಷ್ಟಾಂಗಹೃದಯದಲ್ಲಿ ಹೇಳಿದ್ದಾರೆ. ಆಟಕ್ಕೂ ಇದೇ ನಿಯಮ ಒಪ್ಪುತ್ತದೆ. ಒಂದು ಗಂಟೆ ಆಡಿದಾಗ ಕೈ ನೋಯತೊಡಗುವುದಾದರೆ ಅರ್ಧ ಗಂಟೆಗೇ ನಿಲ್ಲಿಸಬೇಕು. ನೋವು ಬಂದ ಮೇಲೆ ನಿಲ್ಲಿಸುವುದಲ್ಲ, ಬರುವ ಮೊದಲೇ ನಿಲ್ಲಿಸುವುದು. ಇದರೊಡನೆ ಈ ಕೆಲವು ಮಾತುಗಳನ್ನು ರೂಢಿಸಿಕೊಂಡರೆ ಬಹುಪಾಲು ನೋವು ಹತ್ತಿರ ಸುಳಿಯದು.

1. ಪ್ರತಿ 20–25 ನಿಮಿಷಕ್ಕೊಮ್ಮೆ ಎದ್ದು ಐದು ನಿಮಿಷ ನಡೆಯಬೇಕು. ಒಂದು ಲೋಟ ನೀರು ಕುಡಿದು ಬಂದರೆ ಕಾಲಿಗೂ ಕಣ್ಣಿಗೂ ವಿರಾಮ.

2. ಮಲಗಿ ಆಡಬಾರದು. ಬೆನ್ನಿಗೆ ಆಸರೆಯಿಟ್ಟು ಕುಳಿತು, ಮುಂಗೈಗಳನ್ನು ತೊಡೆಯ ಮೇಲಿನ ದಿಂಬಿಗೋ ಮೇಜಿಗೋ ಊರಿಕೊಳ್ಳಬೇಕು. ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಸಮೀಪ ಎತ್ತಿ ಹಿಡಿದರೆ ಕುತ್ತಿಗೆ ಬಾಗದು.

3. ಮಣಿಕಟ್ಟು ಮುಂಗೈಯೊಡನೆ ನೇರವಾಗಿರಲಿ. ಗಣಕಯಂತ್ರದಲ್ಲಿ ಆಡುವವರು ಮೌಸನ್ನು ದೂರಕ್ಕಿಟ್ಟು ಕೈ ಚಾಚಬಾರದು. ಮೊಳಕೈ ಪಕ್ಕೆಗೆ ಹತ್ತಿರವಿರಲಿ.

4. ಮೊಬೈಲನ್ನಾಗಲಿ ಆಟದ ಗುಂಡಿಗಳ ಸಾಧನವನ್ನಾಗಲಿ ಬಿಗಿಯಾಗಿ ಹಿಡಿಯಬಾರದು. ಆಟ ಬಿಸಿಯೇರಿದಾಗ ಹಿಡಿತವೂ ತಾನಾಗಿ ಬಿಗಿಯಾಗುತ್ತದೆ. ಪ್ರತಿ ಸುತ್ತು ಮುಗಿದೊಡನೆ ಕೈ ಕೆಳಗಿಳಿಸಿ ಸಡಿಲಗೊಳಿಸಬೇಕು.

5. ಆಡುವ ಮೊದಲು ಮತ್ತು ನಂತರ ಸೂಕ್ಷ್ಮ ವ್ಯಾಯಾಮ: ಹತ್ತು ಬಾರಿ ಮುಷ್ಟಿ ಕಟ್ಟಿ ಬಿಡಿಸುವುದು, ಮಣಿಕಟ್ಟನ್ನು ಮೇಲೆ ಕೆಳಗೆ ಮೆಲ್ಲನೆ ಬಾಗಿಸುವುದು, ಹೆಬ್ಬೆರಳ ತುದಿಯಿಂದ ಉಳಿದ ನಾಲ್ಕು ಬೆರಳುಗಳನ್ನು ಒಂದೊಂದಾಗಿ ಮುಟ್ಟುವುದು, ಭುಜಗಳನ್ನು ಹಿಂದಕ್ಕೆ ತಿರುಗಿಸುವುದು. ಎಲ್ಲ ಸೇರಿ ಮೂರು ನಿಮಿಷ ಸಾಕು. ನೋವು ಎದ್ದರೆ ಅಲ್ಲಿಗೇ ನಿಲ್ಲಿಸಬೇಕು.

ನೋವು ಬಂದಾಗ ಮನೆಯ ಉಪಚಾರ

ಮೊದಲ ಔಷಧ ವಿಶ್ರಾಂತಿ. ಹತ್ತು ಹದಿನೈದು ದಿನ ಆ ಹೆಬ್ಬೆರಳಿಗೆ ಆಟದಿಂದ ಪೂರ್ಣ ಬಿಡುವು ಕೊಡಬೇಕು. ನೋವು ನಿವಾರಕ ಗುಳಿಗೆ ನುಂಗಿಯೋ ಮುಲಾಮು ಹಚ್ಚಿಯೋ ಮತ್ತೆ ಆಡುವುದು ಎಚ್ಚರಿಕೆಯ ಗಂಟೆಯ ನಾಲಗೆ ಕಿತ್ತಂತೆ.

ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡಿದ್ದರೆ ಮೊದಲ ಎರಡು ದಿನ ತಿಕ್ಕಬಾರದು, ಶಾಖವನ್ನೂ ಕೊಡಬಾರದು. ತಣ್ಣೀರಿನಲ್ಲಿ ನೆನೆಸಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಟ್ಟರೆ ಸಾಕು. ಊತವಿಲ್ಲದ ಹಳೆಯ ನೋವಿಗೆ ಸ್ನೇಹನ, ಸ್ವೇದನಗಳು ಹಿತ. ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಮೊಳಕೈಯಿಂದ ಬೆರಳ ತುದಿಯವರೆಗೆ ಹಗುರವಾಗಿ ಹತ್ತು ನಿಮಿಷ ಸವರಬೇಕು. ಮರ್ಮಸ್ಥಾನವಾದ ಮಣಿಕಟ್ಟನ್ನು ಒತ್ತಿ ತಿಕ್ಕಬಾರದು. ವೈದ್ಯರ ಸಲಹೆಯಂತೆ ಮಹಾನಾರಾಯಣ ತೈಲವನ್ನೂ ಬಳಸಬಹುದು. ಬಳಿಕ ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ನೀರು ಹದ ಬಿಸಿಗೆ ಬಂದಾಗ ಕೈಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿಡಬೇಕು. ಸೊಪ್ಪು ಸಿಗದಿದ್ದರೆ ಹರಳುಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹಂಚಿನ ಮೇಲೆ ಬೆಚ್ಚಗೆ ಮಾಡಿ ಶಾಖ ಕೊಡಬಹುದು. ಶಾಖ ಕೊಡುವವರು ಮೊದಲು ತಮ್ಮ ಕೈಗೆ ಮುಟ್ಟಿಸಿ ನೋಡಲಿ. ಜೋಮು ಹಿಡಿದ ಕೈಗೂ, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕುಂದಿದವರಿಗೂ ಈ ಶಾಖ ಬೇಡ, ಸುಟ್ಟರೂ ಅವರಿಗೆ ತಿಳಿಯದು. ಗುಗ್ಗುಳುವಿನ ಔಷಧಗಳನ್ನು ಅಂಗಡಿಯಿಂದ ತಂದು ತಾವಾಗಿ ಸೇವಿಸಬಾರದು.

ಆಹಾರದಲ್ಲಿ ಬಿಸಿಯಾದ, ತುಪ್ಪ ಬೆರೆತ ಊಟ, ಹಾಲು, ಎಳ್ಳು-ಬೆಲ್ಲದ ಚಿಗಳಿ ಒಳ್ಳೆಯದು. ಪೊಟ್ಟಣದ ಒಣ ತಿಂಡಿಗಳನ್ನು ಆಡುತ್ತಲೇ ಮುಕ್ಕುವ ಅಭ್ಯಾಸ ತಪ್ಪಬೇಕು. ರಾತ್ರಿ ಹತ್ತರೊಳಗೆ ಮಲಗಬೇಕು.

ತಡಮಾಡದೆ ವೈದ್ಯರನ್ನು ಕಾಣಬೇಕಾದಾಗ

ಎರಡು ವಾರ ವಿಶ್ರಾಂತಿ ಕೊಟ್ಟರೂ ನೋವು ಇಳಿಯದಿದ್ದರೆ, ರಾತ್ರಿ ಜೋಮಿನಿಂದ ಎಚ್ಚರವಾಗುತ್ತಿದ್ದರೆ, ಲೋಟ ಕೈಜಾರುತ್ತಿದ್ದರೆ, ಬೆರಳು ಮಡಚಿದಲ್ಲೇ ಸಿಕ್ಕಿಕೊಳ್ಳುತ್ತಿದ್ದರೆ, ಹೆಬ್ಬೆರಳನ್ನು ಮೇಲೆತ್ತಲಾಗದಿದ್ದರೆ ತಡಮಾಡಬಾರದು. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿ, ಕೆಲವೊಮ್ಮೆ ಚುಚ್ಚುಮದ್ದು, ಅಪರೂಪಕ್ಕೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅಂಥವರನ್ನು ನಾವೂ ಮೂಳೆ ತಜ್ಞರ ಬಳಿಗೇ ಕಳುಹಿಸುತ್ತೇವೆ. ಹಿರಿಯರಲ್ಲಿ ಎದೆ ಬಿಗಿತದೊಡನೆ ಎಡತೋಳು ನೋಯುತ್ತಿದ್ದರೆ ಎಣ್ಣೆ ಹುಡುಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ತಾಯಿತಂದೆಯರಲ್ಲಿ ಒಂದು ಬಿನ್ನಹ

ಕಳೆದ ವರ್ಷ ದ್ವಿತೀಯ ಪಿಯುಸಿ ಓದುತ್ತಿದ್ದ ಹುಡುಗನೊಬ್ಬನನ್ನು ತಂದೆ ನಮ್ಮಲ್ಲಿಗೆ ಕರೆತಂದಿದ್ದರು. ಪರೀಕ್ಷೆಗೆ ಎರಡು ತಿಂಗಳು ಉಳಿದಿತ್ತು. ಅರ್ಧ ಪುಟ ಬರೆಯುವಷ್ಟರಲ್ಲಿ ಪೆನ್ನು ಕೆಳಗಿಡುತ್ತಿದ್ದ. ನೋವು ಎಂದಿನಿಂದ ಎಂದು ಕೇಳಿದೆವು. ಐದು ತಿಂಗಳಿನಿಂದ ಎಂದ. ಮೊದಲೇ ಏಕೆ ಹೇಳಲಿಲ್ಲವೆಂದರೆ, “ಹೇಳಿದ್ರ ಅಪ್ಪಾಜಿ ಮೊಬೈಲ್ ಕಸಕೊಂತಿದ್ರು ಡಾಕ್ಟರೇ” ಎಂದು ತಲೆ ತಗ್ಗಿಸಿದ. ಮೊದಲ ವಾರದಲ್ಲೇ ಹೇಳಿದ್ದರೆ ಹದಿನೈದು ದಿನಗಳ ವಿಶ್ರಾಂತಿಯಲ್ಲಿ ಇಳಿಯಬಹುದಾಗಿದ್ದ ನೋವು ಅದು. ಪಟ್ಟಿ, ಅಭ್ಯಂಗ, ವಿಶ್ರಾಂತಿಗಳಿಂದ ಅವನು ಪರೀಕ್ಷೆ ಬರೆದನಾದರೂ ಓದಬೇಕಾದ ಆ ಎರಡು ತಿಂಗಳು ಚಿಕಿತ್ಸೆಯಲ್ಲೇ ಕಳೆದವು.

ನೋವಿಗಿಂತ ಅದನ್ನು ಮುಚ್ಚಿಡುವಂತೆ ಮಾಡುವ ಭಯವೇ ಹೆಚ್ಚು ಹಾನಿಕರ. ಆದಕಾರಣ ಮಗನ ಅಥವಾ ಮಗಳ ಕೈಯಿಂದ ಮೊಬೈಲನ್ನು ಕಿತ್ತುಕೊಳ್ಳುವ ಮೊದಲು ಆ ಕೈಯನ್ನೊಮ್ಮೆ ಹಿಡಿದು ನೋಡಿರಿ. “ಎಲ್ಲಿ ನೋಯುತ್ತದೆ, ಮಗು?” ಎಂದು ಕೇಳಿರಿ. ಎಣ್ಣೆ ಸವರುವ ಹತ್ತು ನಿಮಿಷಗಳಲ್ಲಿ ಮಕ್ಕಳು ಆಡುವ ಮಾತು ಗದರಿಕೆಯಿಂದ ಹೊರಬಾರದು. ಆಟದ ಹೊತ್ತನ್ನು ಅವರೊಡನೆ ಕುಳಿತೇ ನಿಗದಿಮಾಡಿರಿ. ನಾವು ಹಿರಿಯರೂ ಊಟದ ವೇಳೆ ಮೊಬೈಲು ಬದಿಗಿಟ್ಟರೆ ಆ ನಿಯಮಕ್ಕೆ ತೂಕ ಬರುತ್ತದೆ.

ಓದು, ಊಟ, ನಿದ್ರೆ, ಗೆಳೆತನಗಳನ್ನೆಲ್ಲ ತೊರೆದು ತಿಂಗಳುಗಟ್ಟಲೆ ಆಟದಲ್ಲೇ ಮುಳುಗಿದವರ ವಿಷಯ ಬೇರೆ. ಆಟದ ಇಂಥ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಒಂದು ಕಾಯಿಲೆಯೆಂದೇ ಗುರುತಿಸಿದ್ದು, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ವಿಶೇಷ ಚಿಕಿತ್ಸಾಲಯವೇ ಇದಕ್ಕಾಗಿ ನಡೆಯುತ್ತಿದೆ. ಅಲ್ಲಿಗೆ ಹೋಗಲು ಸಂಕೋಚ ಬೇಡ.

ಆಟ ಮಕ್ಕಳ ಹಕ್ಕು. ಅದನ್ನು ನಾವು ಹಳಿಯುವುದಿಲ್ಲ. ಆದರೆ ಇಂದು ಪರದೆಯ ಮೇಲೆ ಓಡುವ ಹೆಬ್ಬೆರಳೇ ನಾಳೆ ಲೇಖನಿ ಹಿಡಿಯಬೇಕು, ನೇಗಿಲು ಹಿಡಿಯಬೇಕು, ಮುಪ್ಪಿನಲ್ಲಿ ನಮ್ಮ ಕೈ ಹಿಡಿಯಬೇಕು. ಅರ್ಧಶಕ್ತಿಗೆ ನಿಲ್ಲುವ ವಿವೇಕ, ನೋವನ್ನು ಹೇಳಿಕೊಳ್ಳುವ ಧೈರ್ಯ ಮಕ್ಕಳಿಗೆ ಬರಲಿ. ಆ ಮಾತನ್ನು ಕೇಳಿಸಿಕೊಳ್ಳುವ ತಾಳ್ಮೆ ನಮಗೂ ಬರಲಿ ಎಂದು ಹಾರೈಸುತ್ತೇವೆ.