ಮನೆ ಕಟ್ಟುವ ಮೊದಲು ನೆರೆಯ ಬಾವಿಗೆ ಇಣುಕಿ ನೋಡಿ

ಕಾಸರಗೋಡು: ಕಡಲ ಬದಿಯ ಹೊಯಿಗೆ ಪಟ್ಟಿಯನ್ನೂ ಬೈಲಿನ ಗದ್ದೆಗಳನ್ನೂ ಬಿಟ್ಟರೆ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಬಹುಭಾಗ ಕೆಂಪುಕಲ್ಲಿನ ನೆಲ. ಕನ್ನಡದಲ್ಲಿ ಮುರಕಲ್ಲು, ಮಲಯಾಳದಲ್ಲಿ ಚೆಂಗಲ್ಲು ಎನ್ನುವುದೂ ಇದನ್ನೇ. ಇದಕ್ಕೆ 'ಲ್ಯಾಟರೈಟ್' ಎಂಬ ಹೆಸರು ಕೊಟ್ಟವರು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲನ್ನು ಅವರು 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ಗ್ರಂಥದಲ್ಲಿ ವಿವರಿಸಿದ್ದಾರೆ. ಕಡಿಯುವಾಗ ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುವುದು ಇದರ ಗುಣ.

ನೆಲವೆಲ್ಲ ಇದೇ ಕಲ್ಲು ಎಂದುಕೊಂಡರೆ ತಪ್ಪಾಗುತ್ತದೆ. ಮೇಲೆ ಗಟ್ಟಿ ಪಾರೆ, ಅದರ ಕೆಳಗೆ ತೂತುತೂತಾದ ಮೆದು ಕಲ್ಲು, ಇನ್ನೂ ಕೆಳಗೆ ಬಿಳಿ, ಹಳದಿ ಅಥವಾ ನಸುಗೆಂಪು ಬಣ್ಣದ ಶೇಡಿ ಮಣ್ಣು ಇರುತ್ತದೆ. ಈ ಪದರಗಳ ದಪ್ಪ ಒಂದು ಹಿತ್ತಿಲಿನಂತೆ ಇನ್ನೊಂದರಲ್ಲಿ ಇರುವುದಿಲ್ಲ. ಮನೆ, ಕಕ್ಕಸು ಗುಂಡಿ, ತೋಟ ಮೂರರ ಹಣೆಬರಹವೂ ಇದರ ಮೇಲೆ ನಿಂತಿದೆ.

ಮನೆಗೆ ಪಂಚಾಂಗ

ಗಟ್ಟಿ ಪಾರೆಯ ಮೇಲೆ ಪಂಚಾಂಗ ಕೂತರೆ ಸಾಮಾನ್ಯ ಮನೆಗೆ ಚಿಂತೆಯಿಲ್ಲ. ತೊಂದರೆ ಕೊಡುವುದು ಶೇಡಿ ಮಣ್ಣು. ಬೇಸಿಗೆಯಲ್ಲಿ ಪಿಕ್ಕಾಸಿಗೂ ಬಗ್ಗದ ಈ ಮಣ್ಣು ನೀರು ಕುಡಿದಾಗ ಬಲ ಕಳೆದುಕೊಂಡು ಜಾರುತ್ತದೆ. ಗುಡ್ಡೆಯನ್ನು ನೇರವಾಗಿ ಕಡಿದು ಅಂಗಳ ಮಾಡಿದಲ್ಲಿ ಮಳೆಗಾಲದಲ್ಲಿ ಬರೆ ಜರಿಯಲು ಇದೊಂದು ಮುಖ್ಯ ಕಾರಣ. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಜರಿದದ್ದನ್ನು ಜಿಲ್ಲೆಯ ಜನ ಕಂಡಿದ್ದಾರೆ. ಬರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಮಾಡಿ ಕಡಿಯುವುದು, ಮೇಲ್ಬದಿಯ ಮಳೆನೀರು ಹರಿದುಹೋಗಲು ಕಣಿ ತೋಡುವುದು, ಗೋಡೆಯನ್ನು ಬರೆಯಿಂದ ದೂರ ಇಡುವುದು ಅಗತ್ಯ. ತಡೆಗೋಡೆ ಕಟ್ಟುವುದಾದರೆ ಒಳಗಿನ ನೀರು ಹೊರಬರಲು ತೂತುಗಳನ್ನು ಬಿಡಲೇಬೇಕು.

ಗುಂಡಿ ಮತ್ತು ಬಾವಿ

ಮನೆಗೊಂದು ಬಾವಿ, ಮನೆಗೊಂದು ಕಕ್ಕಸು ಗುಂಡಿ ಇರುವ ಊರು ನಮ್ಮದು. ಮುರಕಲ್ಲಿನ ತೂತುಗಳು ಒಂದಕ್ಕೊಂದು ಸೇರಿಕೊಂಡಿರುವಲ್ಲಿ ಗುಂಡಿಯ ನೀರು ಸೋಸಿಹೋಗಲು ಬೇಕಾದಷ್ಟು ಮಣ್ಣೇ ಸಿಗುವುದಿಲ್ಲ. ಅದು ಬೇಗನೆ ಬಾವಿ ಸೇರಬಹುದು. ಮಳೆಗಾಲದಲ್ಲಿ ಬಾವಿಯ ನೀರು ಮೇಲೇರಿ ಗುಂಡಿಯ ತಳದ ಹತ್ತಿರ ಬಂದಾಗ ಅಪಾಯ ಇನ್ನೂ ಹೆಚ್ಚು. ನೀರು ತಿಳಿಯಾಗಿ ಕಂಡರೂ ಅದರಲ್ಲಿ ರೋಗಾಣು ಇರಬಹುದು.

ಕೇರಳದ ಪಂಚಾಯತ್ ಕಟ್ಟಡ ನಿಯಮದಂತೆ ಕುಡಿಯುವ ನೀರಿನ ಬಾವಿಗೂ ಗುಂಡಿಗೂ ಕನಿಷ್ಠ 7.5 ಮೀಟರ್ ದೂರ ಬೇಕು. ಈ ದೂರ ನೆರೆಮನೆಯ ಬಾವಿಗೂ ಅನ್ವಯಿಸುತ್ತದೆ. ಇಂಗುಗುಂಡಿಗೆ ಭಾರತೀಯ ಮಾನಕ ಸಂಸ್ಥೆ ಹೇಳುವ ದೂರ 18 ಮೀಟರ್. ಐದು, ಹತ್ತು ಸೆಂಟ್ಸ್ ಜಾಗದಲ್ಲಿ ಇದು ಕಷ್ಟ. ಅಂಥಲ್ಲಿ ಗುಂಡಿಯನ್ನು ಆಳ ಮಾಡದೆ ಅಗಲ ಮಾಡುವುದು, ತಳವನ್ನು ಮುಚ್ಚಿ ಸುತ್ತಲೂ ಅರ್ಧ ಮೀಟರ್ ದಪ್ಪಕ್ಕೆ ನಯವಾದ ಹೊಯಿಗೆ ತುಂಬುವುದು ಒಳ್ಳೆಯದು. ಗುಂಡಿಯ ತಳಕ್ಕೂ ಮಳೆಗಾಲದ ನೀರಿನ ಮಟ್ಟಕ್ಕೂ ನಡುವೆ 2 ಮೀಟರ್ ಮಣ್ಣು ಉಳಿಯಬೇಕು. ಬಾವಿಗಿಂತ ಅಥವಾ ಸುರಂಗಕ್ಕಿಂತ ಮೇಲ್ಬದಿಯಲ್ಲಿ ಗುಂಡಿ ತೋಡಲೇಬಾರದು. ಎಷ್ಟೇ ಜಾಗ್ರತೆ ಮಾಡಿದರೂ ಕುಡಿಯುವ ನೀರನ್ನು ಕುದಿಸುವುದು ಬಿಡಬಾರದು.

ತೋಟಕ್ಕೆ

ಮುರಕಲ್ಲಿನ ಮಣ್ಣು ಹುಳಿ ಮಣ್ಣು. ಜೋರು ಮಳೆಗೆ ಅದರಲ್ಲಿನ ಸುಣ್ಣ, ಪೊಟ್ಯಾಷ್ ತೊಳೆದುಹೋಗುತ್ತವೆ. ಆದ್ದರಿಂದ ಗೊಬ್ಬರಕ್ಕೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಹೇಳಿದಷ್ಟು ಸುಣ್ಣ ಹಾಕಬೇಕು. ಕೆಳಗೆ ಕಲ್ಲಿರುವಲ್ಲಿ ತೆಂಗಿನ ಸಸಿಗೆ ಉದ್ದ, ಅಗಲ, ಆಳ ಮೂರೂ 1.2 ಮೀಟರ್ ಇರುವ ಹೊಂಡ ಬೇಕು. ನೆಡುವುದಕ್ಕೆ ಆರು ತಿಂಗಳು ಮೊದಲು ಹೊಂಡದ ತಳಕ್ಕೆ 2 ಕಿಲೋ ಉಪ್ಪು ಹಾಕಿದರೆ ಕಲ್ಲು ಸಡಿಲವಾಗುತ್ತದೆ. ತೆಂಗಿನ ಸಿಪ್ಪೆ ಹೂಳುವುದು, ಬುಡಕ್ಕೆ ಸೊಪ್ಪು ಮುಚ್ಚುವುದು ಬೇಸಿಗೆಯಲ್ಲಿ ತೇವ ಉಳಿಸುತ್ತದೆ. ಅಡಿಕೆ ತೋಟದಲ್ಲಿ ಮಾತ್ರ ನೀರು ನಿಲ್ಲಬಾರದು. ಮಳೆಗೆ ಮುಂಚೆ ಕಣಿ ಬಿಡಿಸಬೇಕು.

ಇಷ್ಟೆಲ್ಲ ತಿಳಿಯಲು ಮೊದಲಿಗೆ ದೊಡ್ಡ ಖರ್ಚು ಬೇಕಿಲ್ಲ. ಜಾಗ ಕೊಳ್ಳುವ ಮೊದಲು ನೆರೆಯವರ ಬಾವಿಯ ಗೋಡೆಯನ್ನು ಎರಡು ಸಲ ನೋಡಿದರೆ ಸಾಕು. ರಿಂಗು ಇಳಿಸದ ಬಾವಿಯಾದರೆ ಮೇ ತಿಂಗಳಲ್ಲಿ ಕಲ್ಲು ಎಲ್ಲಿ ಮುಗಿದು ಶೇಡಿ ಎಲ್ಲಿ ಶುರುವಾಗುತ್ತದೆ ಎಂಬುದು ಕಾಣುತ್ತದೆ. ಜುಲೈಯಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು ಗೊತ್ತಾಗುತ್ತದೆ. ಬಾವಿ ತೋಡಿದ ಹಿರಿಯರು ಹತ್ತಿರದಲ್ಲಿದ್ದರೆ ಅವರಲ್ಲೂ ಒಂದು ಮಾತು ಕೇಳಬಹುದು. ಶೇಡಿ ಮೇಲೆಯೇ ಸಿಕ್ಕಿದರೆ ಮಾತ್ರ ಎಂಜಿನಿಯರ್ ಬಂದು ನೋಡದೆ ಪಂಚಾಂಗಕ್ಕೆ ಕೈಹಾಕುವುದು ಬೇಡ.